ಬರಗಾಲದ ಬಂಧು

ಗೆಣಸು ಎಂಬ ಮಾತು ಕನ್ನಡದಲ್ಲಿ ಹಳೆಯದು. ಆ ಮಾತಿನಿಂದ ನಾವು ಇಂದು ಕರೆಯುವ ಪದಾರ್ಥ ಹೊಸದು. ತಮಿಳಿನ ಕಿಳಂಗು ಎಂಬುದಕ್ಕೆ ಒಡಹುಟ್ಟಾದ ಈ ಶಬ್ದ ನೆಲದೊಳಗೆ ಬಲಿಯುವ ಹಲವು ಗಡ್ಡೆಗಳಿಗೆ ಸಲ್ಲುತ್ತಿತ್ತು. ಹೆಗ್ಗೆಣಸು, ಮುಳ್ಳುಗೆಣಸು ಎಂಬ ಹೆಸರುಗಳಲ್ಲಿ ಆ ಹಳೆಯ ಬಳಕೆ ಇನ್ನೂ ಉಳಿದಿದೆ. ಕೆಲವು ಶತಮಾನಗಳ ಹಿಂದೆ ಕಡಲಾಚೆಯಿಂದ ಬಂದ ಒಂದು ಬಳ್ಳಿ ಮೊದಲು ಸಿಹಿಗೆಣಸು ಎನ್ನಿಸಿಕೊಂಡು, ಬರಬರುತ್ತ ಆ ‘ಸಿಹಿ’ಯನ್ನೂ ಕಳಚಿಹಾಕಿ, ಬರಿಯ ಗೆಣಸು ಎಂದರೆ ತಾನೇ ಎನ್ನುವಂತೆ ಕುಳಿತುಬಿಟ್ಟಿತು. ಬಿಡಾರಕ್ಕೆ ಬಂದವನು ಮನೆಯ ಯಜಮಾನನಾದಂತೆ!

ಇಂದು ನಾನು ಹೇಳಹೊರಟಿರುವುದು ಈ ಬಳ್ಳಿಯ ಕಥೆಯನ್ನು. ಅದರ ಇತ್ತೀಚಿನ ಅವತಾರವೆಂದರೆ, ಬೆರಳಿನಷ್ಟು ಉದ್ದಕ್ಕೆ ಸೀಳಿ, ಎಣ್ಣೆಯಲ್ಲಿ ಅರೆಕರಿದು, ಹಿಮಗಟ್ಟಿಸಿ, ಪೊಟ್ಟಣ ಕಟ್ಟಿ ಮಾರುವ ಗೆಣಸಿನ ಫ್ರೈಸ್. ಆ ಪೊಟ್ಟಣದೊಳಗೆ ಏನೇನಿದೆ ಎಂಬುದು ಆಹಾರಶಾಸ್ತ್ರದ ಪ್ರಶ್ನೆ. ಅದು ಅಲ್ಲಿಗೆ ಹೇಗೆ ಬಂದಿತೆಂಬುದು ಚರಿತ್ರೆಯ ಪ್ರಶ್ನೆ. ಎರಡನೆಯದನ್ನು ತಿಳಿಯದೆ ಮೊದಲನೆಯದರ ಬೆಲೆ ಕಟ್ಟಲಾಗದೆಂಬುದು ನನ್ನ ಅಭಿಪ್ರಾಯ.

ಸಸ್ಯಶಾಸ್ತ್ರದ ಪ್ರಕಾರ ಗೆಣಸಿಗೂ ಆಲೂಗೆಡ್ಡೆಗೂ ನಂಟಿಲ್ಲ. ಆಲೂಗೆಡ್ಡೆ ಬದನೆಯ ಕುಲದ್ದು. ಅದು ನೆಲದಡಿಯಲ್ಲಿ ಉಬ್ಬಿದ ಕಾಂಡ. ಗೆಣಸಾದರೋ ಉಬ್ಬಿದ ಬೇರು. ಬೆಳಗಿನಲ್ಲಿ ಅರಳಿ ಮಧ್ಯಾಹ್ನಕ್ಕೆ ಬಾಡುವ ತುತ್ತೂರಿಯಾಕಾರದ ಹೂಬಳ್ಳಿಗಳ ಬಳಗಕ್ಕೆ ಸೇರಿದುದು. ಇದರ ತವರು ಅಮೆರಿಕ ಖಂಡದ ಉಷ್ಣಪ್ರದೇಶ. ಕೊಲಂಬಸನ ಯಾತ್ರೆಗಳೊಡನೆ ಇದು ಸ್ಪೇನಿಗೆ ಬಂದಿತು. ಕೆರಿಬಿಯನ್ ದ್ವೀಪವಾಸಿಗಳ ‘ಬಟಾಟ’ ಎಂಬ ಹೆಸರೂ ಅದರೊಡನೆ ಬಂದಿತು. ಇಂಗ್ಲಿಷಿನ ‘ಪೊಟಾಟೊ’ ಆ ಶಬ್ದದಿಂದಲೇ ಹುಟ್ಟಿದುದು. 1597ರಲ್ಲಿ ಜಾನ್ ಜೆರಾರ್ಡ್ ಎಂಬ ಇಂಗ್ಲಿಷ್ ಸಸ್ಯಜ್ಞ ತನ್ನ ಹೊತ್ತಗೆಯಲ್ಲಿ ಬರಿಯ ಪೊಟಾಟೊ ಎಂದು ಕರೆದದ್ದು ಗೆಣಸನ್ನೇ. ನಮ್ಮ ಆಲೂಗೆಡ್ಡೆಗೆ ಅವನು ‘ವರ್ಜೀನಿಯದ ಪೊಟಾಟೊ’ ಎಂಬ ಬೇರೆ ಹೆಸರು ಕೊಡಬೇಕಾಯಿತು. ಆಮೇಲೆ ಆಲೂಗೆಡ್ಡೆ ಯುರೋಪಿನ ತಂಪಿನಲ್ಲಿ ಹುಲುಸಾಗಿ ಬೆಳೆದು ಆ ಹೆಸರನ್ನೇ ವಶಪಡಿಸಿಕೊಂಡಿತು. ಕನ್ನಡದಲ್ಲಿ ಹೆಸರನ್ನು ಗಳಿಸಿದ ಗೆಣಸು ಇಂಗ್ಲಿಷಿನಲ್ಲಿ ಇದ್ದ ಹೆಸರನ್ನು ಕಳೆದುಕೊಂಡಿತು.

ಆದರೆ ಕೊಲಂಬಸನಿಗಿಂತ ಮೊದಲೇ ಗೆಣಸು ಕಡಲು ದಾಟಿತ್ತು. ಶಾಂತಸಾಗರದ ನಡುವಿನ ಮಂಗೈಯ ದ್ವೀಪದಲ್ಲಿ ದೊರೆತ ಇದರ ಕರಿಕಲು ಚೂರುಗಳು ಸಾವಿರ ವರ್ಷಗಳಷ್ಟು ಹಿಂದಿನವೆಂದು ಗಣಿಸಲಾಗಿದೆ. ಪಾಲಿನೇಷ್ಯದ ಜನ ಇದನ್ನು ‘ಕುಮರ’ ಎನ್ನುತ್ತಾರೆ. ಈ ಹೆಸರನ್ನು ಹೋಲುವ ಶಬ್ದ ದಕ್ಷಿಣ ಅಮೆರಿಕದ ಆದಿವಾಸಿ ಭಾಷೆಗಳಲ್ಲಿಯೂ ಉಂಟು. ಆ ನಾವಿಕರು ಅಮೆರಿಕದ ತೀರ ಮುಟ್ಟಿ ತಂದರೆನ್ನುವವರು ಒಂದು ಕಡೆ. ಅಲೆಗಳೇ ಬೀಜಗಳನ್ನು ತೇಲಿಸಿ ತಂದವೆಂದು 2018ರಲ್ಲಿ ವಾದಿಸಿದ ಸಸ್ಯವಿಜ್ಞಾನಿಗಳು ಇನ್ನೊಂದು ಕಡೆ. ಈ ವ್ಯಾಜ್ಯ ತೀರ್ಮಾನವಾಗುವತನಕ ನಾವು ಕಾಯಬೇಕಾಗಿಲ್ಲ; ಗೆಣಸಿನ ನಿಜವಾದ ಚರಿತ್ರೆ ಹಸಿವಿನ ಚರಿತ್ರೆ.

ಸ್ಪೇನಿನವರು ಮೆಕ್ಸಿಕೊದಿಂದ ಫಿಲಿಪೀನ್ಸಿಗೆ ಗೆಣಸನ್ನು ಒಯ್ದಿದ್ದರು. 1593ರಲ್ಲಿ ಚನ್ ಝೆನ್‌ಲುಂಗ್ ಎಂಬ ಚೀನೀ ವರ್ತಕ ಅಲ್ಲಿನ ಲೂಜಾನ್ ದ್ವೀಪದಿಂದ ಇದರ ಬಳ್ಳಿಯ ತುಂಡುಗಳನ್ನು ತನ್ನ ನಾಡಾದ ಫೂಜಿಯನ್‌ಗೆ ತಂದ. ಹಡಗಿನ ಹಗ್ಗಗಳ ನಡುವೆ ಹೆಣೆದು ಬಚ್ಚಿಟ್ಟು ತಂದನೆಂಬ ಕಥೆ ಅಲ್ಲಿ ಪ್ರಚಲಿತವಾಗಿದೆ. ಮರುವರ್ಷವೇ ಆ ಪ್ರಾಂತದಲ್ಲಿ ಬರ ಬಿತ್ತು. ಪ್ರಾಂತಾಧಿಪತಿ ಜಿನ್ ಷುಯೆಝೆಂಗ್ ಈ ಹೊಸ ಬಳ್ಳಿಯನ್ನು ನೆಡುವಂತೆ ರೈತರನ್ನು ಪ್ರೇರೇಪಿಸಿದ. ಭತ್ತಕ್ಕೆ ಒಗ್ಗದ ಗುಡ್ಡದ ಇಳಿಜಾರಿನಲ್ಲಿ, ಮರಳು ನೆಲದಲ್ಲಿ, ನಾಲ್ಕೈದು ತಿಂಗಳಲ್ಲಿ ಅದು ಗಡ್ಡೆ ಕಟ್ಟಿತು. ಜನ ಬದುಕಿಕೊಂಡರು. ಫೂಜೌ ನಗರದ ಬೆಟ್ಟದ ಮೇಲೆ ಗೆಣಸು ತಂದವರ ನೆನಪಿಗಾಗಿ ಒಂದು ಮಂಟಪವೇ ಇದೆ.

ಅಲ್ಲಿಂದ 1605ರ ಸುಮಾರಿಗೆ ಅದು ರ್ಯೂಕ್ಯು ದ್ವೀಪಗಳಿಗೆ, ಅಲ್ಲಿಂದ ಜಪಾನಿನ ದಕ್ಷಿಣದ ತುದಿಯ ಸತ್ಸುಮ ಸೀಮೆಗೆ ಹೋಯಿತು. 1732ರಲ್ಲಿ ಪಶ್ಚಿಮ ಜಪಾನಿಗೆ ಘೋರ ಕ್ಷಾಮ ಬಂದಾಗ, ಗೆಣಸಿದ್ದ ಸತ್ಸುಮದಲ್ಲಿ ಅದರ ಬಾಧೆ ಕಡಿಮೆಯಾಗಿತ್ತೆಂಬುದು ರಾಜಧಾನಿಯ ಗಮನಕ್ಕೆ ಬಂದಿತು. ಅಓಕಿ ಕೊನ್ಯೊ ಎಂಬ ವಿದ್ವಾಂಸ ಗೆಣಸಿನ ಬಗೆಗೆ ಪುಸ್ತಕ ಬರೆದು, 1735ರಲ್ಲಿ ಷೋಗುನನ ಅಪ್ಪಣೆ ಪಡೆದು ಎಡೊ ನಗರದಲ್ಲಿಯೇ ಅದನ್ನು ಬೆಳೆದು ತೋರಿಸಿದ. ಕನ್‌ಫ್ಯೂಷಿಯಸನ ಗ್ರಂಥಗಳನ್ನು ಓದಿದ ಪಂಡಿತ ಅವನು. ಆದರೆ ಟೋಕಿಯೊದ ಮೆಗುರೊದಲ್ಲಿರುವ ಅವನ ಸಮಾಧಿಶಿಲೆಯ ಮೇಲಿರುವುದು ‘ಗೆಣಸಿನ ಗುರುಗಳು’ ಎಂಬ ಬಿರುದು. ಪಾಂಡಿತ್ಯಕ್ಕೆ ಇದಕ್ಕಿಂತ ದೊಡ್ಡ ಸಾರ್ಥಕ್ಯವನ್ನು ನಾನು ಕಾಣೆ.

ಇಲ್ಲೊಂದು ಸ್ವಾರಸ್ಯವನ್ನು ಗಮನಿಸಬೇಕು. ಚೀನೀಯರು ಇದನ್ನು ಪರದೇಶದ ಗಡ್ಡೆ ಎಂದರು. ಸತ್ಸುಮದವರು ಚೀನದ ಗಡ್ಡೆ ಎಂದರು. ಉಳಿದ ಜಪಾನಿಗಳು ಸತ್ಸುಮದ ಗಡ್ಡೆ ಎಂದರು. ಒಬ್ಬೊಬ್ಬರೂ ತಮಗೆ ಕೊಟ್ಟವರ ಹೆಸರನ್ನು ನೆನೆದರು. ನಮ್ಮಲ್ಲಿ ಹಾಗಾಗಲಿಲ್ಲ. ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದಿತೆಂದು ಊಹಿಸಲಾಗಿರುವ ಈ ಬೇರಿಗೆ ನಾವು ಯಾವ ಊರಿನ ಮುದ್ರೆಯನ್ನೂ ಒತ್ತದೆ ಮನೆಯ ಹೆಸರನ್ನೇ ಕೊಟ್ಟೆವು. ಸಂಕ್ರಾಂತಿಯಲ್ಲಿ ಎಳ್ಳುಬೆಲ್ಲ, ಕಬ್ಬು, ಕಡಲೆಕಾಯಿ, ಅವರೆಕಾಯಿಗಳ ಜೊತೆಗೆ ಬೇಯಿಸಿದ ಗೆಣಸಿರಬೇಕು; ಶಿವರಾತ್ರಿಯ ಉಪವಾಸಕ್ಕೆ ಗೆಣಸು ನಡೆಯುತ್ತದೆ. ಬೆಳಗಾವಿಯ ಕೆಂಪು ನೆಲದಲ್ಲಿ ಬೆಳೆದ ಗೆಣಸು ಉತ್ತರದ ಪೇಟೆಗಳಿಗೂ ಹೋಗುತ್ತದೆ. ವ್ರತದ ಆಹಾರಕ್ಕೆ ಪರದೇಶದ ವಸ್ತು ಸಲ್ಲುವುದೇ ಎಂದು ನಮ್ಮಲ್ಲಿ ಯಾರೂ ಕೇಳಿದಂತಿಲ್ಲ. ಮರೆವು ಕೆಲವೊಮ್ಮೆ ಆದರದ ಇನ್ನೊಂದು ರೂಪ.

ಇನ್ನು ಪೊಟ್ಟಣದ ತವರಿಗೆ, ಅಮೆರಿಕದ ಸಂಯುಕ್ತ ಸಂಸ್ಥಾನಕ್ಕೆ ಹೋಗೋಣ. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಗೆಣಸು ಬಡ ರೈತರ, ಅದರಲ್ಲಿಯೂ ಆಫ್ರಿಕದಿಂದ ಗುಲಾಮರಾಗಿ ತಂದವರ ಮತ್ತು ಅವರ ಸಂತತಿಯ ಅನ್ನವಾಗಿತ್ತು. ತಮ್ಮ ನಾಡಿನ ಹೆಗ್ಗೆಣಸನ್ನು ನೆನೆದು ಅವರು ಇದನ್ನು ‘ಯಾಮ್’ ಎಂದರು. ಗುಲಾಮಗಿರಿಯಲ್ಲಿಯೇ ಹುಟ್ಟಿ ವಿಜ್ಞಾನಿಯಾಗಿ ಬೆಳೆದ ಜಾರ್ಜ್ ವಾಷಿಂಗ್ಟನ್ ಕಾರ್ವರ್, ಅಲಬಾಮದ ಟಸ್ಕೀಗಿ ವಿದ್ಯಾಸಂಸ್ಥೆಯಲ್ಲಿದ್ದುಕೊಂಡು 1898ರಲ್ಲಿಯೇ ಗೆಣಸಿನ ಪ್ರಯೋಗಗಳ ಕಿರುಹೊತ್ತಗೆಯನ್ನು ಹೊರತಂದರು. ಹತ್ತಿ ಬೆಳೆದು ಸವೆದ ನೆಲಕ್ಕೂ, ಸಾಲದಲ್ಲಿ ಮುಳುಗಿದ ರೈತನಿಗೂ ಗೆಣಸು ಆಸರೆಯಾದೀತೆಂಬುದು ಅವರ ನಂಬಿಕೆ. 1930ರ ದಶಕದಲ್ಲಿ ಲೂಸಿಯಾನದ ತಜ್ಞರು ಮೃದುವಾದ, ಕಿತ್ತಳೆ ಬಣ್ಣದ ತಿರುಳಿನ ತಳಿಗಳನ್ನು ಬೆಳೆಸಿ, ಅದೇ ‘ಯಾಮ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಿಟ್ಟರು. ಗುಲಾಮರ ನೆನಪಿನ ಮಾತು ವ್ಯಾಪಾರದ ಮುದ್ರೆಯಾಯಿತು.

ಆಹಾರವನ್ನು ವೇಗವಾಗಿ ಹಿಮಗಟ್ಟಿಸುವ ವಿದ್ಯೆಯ ಮೂಲವೂ ಆದಿವಾಸಿಗಳದೇ. ಲ್ಯಾಬ್ರಡಾರಿನ ಕಡುಚಳಿಯಲ್ಲಿ ಇನ್ಯೂಟ್ ಜನ ಹಿಡಿದ ಮೀನು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿ, ತಿಂಗಳುಗಳ ಮೇಲೆ ಬೇಯಿಸಿದರೂ ರುಚಿ ಕೆಡದಿದ್ದುದನ್ನು ಕ್ಲಾರೆನ್ಸ್ ಬರ್ಡ್ಸ್‌ಐ ಎಂಬಾತ ಕಂಡ. ನಿಧಾನವಾಗಿ ಹೆಪ್ಪುಗಟ್ಟಿದರೆ ಹಿಮದ ಹರಳುಗಳು ದೊಡ್ಡವಾಗಿ ಬೆಳೆದು ಜೀವಕೋಶಗಳನ್ನು ಹರಿಯುತ್ತವೆ. ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣದಾಗಿಯೇ ಉಳಿಯುತ್ತದೆ. ಇದು ಅದರ ಗುಟ್ಟು. ಅವನ ಸರಕುಗಳು 1930ರಲ್ಲಿ ಮ್ಯಾಸಚುಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದವು. 1940ರ ದಶಕದಲ್ಲಿ ಐಡಹೊ ರಾಜ್ಯದ ಸಿಂಪ್ಲಾಟ್ ಕಂಪನಿ ಹಿಮಗಟ್ಟಿಸಿದ ಆಲೂಗೆಡ್ಡೆ ಫ್ರೈಸ್ ತಯಾರಿಸಿತು. ಗೆಣಸಿನ ಸರದಿ ಬಹಳ ತಡವಾಗಿ ಬಂದಿತು. ಅದಕ್ಕಾಗಿಯೇ ಕಟ್ಟಿದ ದೊಡ್ಡ ಕಾರ್ಖಾನೆಯೊಂದು ಲೂಸಿಯಾನದಲ್ಲಿ ತೆರೆದದ್ದು 2010ರಲ್ಲಿ. ಆ ಊರಿನ ಹೆಸರು, ಕೇಳಿದರೆ ನಿಮಗೆ ನಗು ಬಂದೀತು, ದೆಹಲಿ.

ತಡವಾದುದಕ್ಕೆ ಕಾರಣ ಗೆಣಸಿನ ಸ್ವಭಾವದಲ್ಲಿಯೇ ಇದೆ. ಆಲೂಗೆಡ್ಡೆಗಿಂತ ಅದರಲ್ಲಿ ಸಕ್ಕರೆ ಹೆಚ್ಚು. ಕಾವು ತಗುಲಿದೊಡನೆ ಅದರೊಳಗಿನ ಕಿಣ್ವಗಳು ಪಿಷ್ಟವನ್ನು ಇನ್ನಷ್ಟು ಸಕ್ಕರೆಯಾಗಿ ಒಡೆಯುತ್ತವೆ. ಕೆಂಡದಲ್ಲಿ ಸುಟ್ಟ ಗೆಣಸು ಜೇನಿನಂತಾಗುವುದು ಈ ಗುಣದಿಂದ. ಕರಿದ ಗೆಣಸು ಗರಿಗರಿಯಾಗದೆ ಮೆತ್ತಗಾಗುವುದೂ, ಬೇಗ ಕಪ್ಪಾಗುವುದೂ ಈ ಗುಣದಿಂದಲೇ. ಆದ್ದರಿಂದ ಕಾರ್ಖಾನೆಯವರು ಅದಕ್ಕೊಂದು ಕವಚ ತೊಡಿಸಬೇಕಾಯಿತು.

ಅಮೆರಿಕದಲ್ಲಿ ನಮ್ಮವರೊಬ್ಬರ ಮನೆಯಲ್ಲಿ ಉಳಿದಿದ್ದಾಗ ಅಂಥ ಪೊಟ್ಟಣವೊಂದರ ಬೆನ್ನ ಮೇಲಿನ ಸಣ್ಣ ಅಕ್ಷರಗಳನ್ನು ನಾನು ಓದಿದೆ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬುದು ಅಲ್ಲಿನ ಕಾನೂನು. ಮೊದಲು ಗೆಣಸು, ಆಮೇಲೆ ಎಣ್ಣೆ, ಆಮೇಲೆ ಮಾರ್ಪಡಿಸಿದ ಪಿಷ್ಟ, ಅಕ್ಕಿಹಿಟ್ಟು, ಉಪ್ಪು, ಹಿಟ್ಟನ್ನು ಹಗುರಗೊಳಿಸಲು ಅಡುಗೆ ಸೋಡ, ಬಣ್ಣ ಕೆಡದಂತೆ ಒಂದು ಫಾಸ್ಫೇಟ್ ಲವಣ, ಕವಚ ಅಂಟಿಕೊಳ್ಳಲು ಕ್ಸಾಂಥನ್ ಎಂಬ, ಸೂಕ್ಷ್ಮಜೀವಿಗಳಿಂದ ತಯಾರಾಗುವ ಅಂಟು, ಮೇಲೆ ಅರಿಸಿನದ ಮತ್ತು ಅನಾಟೊ ಬೀಜದ ಬಣ್ಣ. ಇವುಗಳಲ್ಲಿ ವಿಷವೆಂದು ಹೆದರಬೇಕಾದುದು ಯಾವುದೂ ಇಲ್ಲ. ಆದರೆ ಸ್ವತಃ ಕಿತ್ತಳೆ ಬಣ್ಣದ ಗೆಣಸಿಗೆ ಮತ್ತೆ ಬಣ್ಣ ಬಳಿಯುವುದನ್ನು ಕಂಡಾಗ ನನಗೆ ಸೋಜಿಗವಾಯಿತು. ಬಿಳಿಯ ಕವಚ ತೊಡಿಸಿದ ಮೇಲೆ ಮುಚ್ಚಿಹೋದ ಬಣ್ಣವನ್ನು ಹೊರಗಿನಿಂದ ತರಬೇಕಾಯಿತಲ್ಲವೆ?

ಈ ಬಣ್ಣದಲ್ಲಿಯೇ ಗೆಣಸಿನ ಮುಖ್ಯ ಸಂಪತ್ತಿದೆ. ಕಿತ್ತಳೆ ತಿರುಳಿನ ಹಸಿ ಗೆಣಸಿನ 100 ಗ್ರಾಮಿನಲ್ಲಿ 77 ಗ್ರಾಂ ನೀರೇ. 86 ಕ್ಯಾಲೊರಿ ಶಕ್ತಿ, 3 ಗ್ರಾಂ ನಾರು, ಒಂದೂವರೆ ಗ್ರಾಮಿನಷ್ಟು ಪ್ರೋಟೀನು. ಕೊಬ್ಬು ಇಲ್ಲವೆಂದರೂ ನಡೆದೀತು. ಆದರೆ ಅದೇ 100 ಗ್ರಾಮಿನಲ್ಲಿ ಎಂಟೂವರೆ ಮಿಲಿಗ್ರಾಂ ಬೀಟಾ ಕೆರೋಟಿನ್ ಇರುತ್ತದೆ. ನಮ್ಮ ಶರೀರ ಅದರಿಂದ 700 ಮೈಕ್ರೋಗ್ರಾಂ ‘ಎ’ ಜೀವಸತ್ವ ಪಡೆಯಬಲ್ಲದು. ಅಮೆರಿಕದ ಶಿಫಾರಸಿನಂತೆ ವಯಸ್ಕ ಸ್ತ್ರೀಯೊಬ್ಬಳಿಗೆ ದಿನಕ್ಕೆ ಬೇಕಾದುದು ಅಷ್ಟೇ. ಬಿಳಿಯ ತಿರುಳಿನ ಗೆಣಸಿನಲ್ಲಿ ಈ ಸಂಪತ್ತು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಪೇಟೆಗಳಲ್ಲಿ ಹೆಚ್ಚಾಗಿ ಕಾಣುವ, ಸಿಪ್ಪೆ ಕೆಂಪಾಗಿ ತಿರುಳು ಬಿಳಿಯಾದ ಗೆಣಸನ್ನು ಕೊಳ್ಳುವವರು ಇದನ್ನು ಮನಸ್ಸಿನಲ್ಲಿಡಬೇಕು. ಎರಡರ ಹೆಸರು ಒಂದೇ, ಗುಣ ಒಂದೇ ಅಲ್ಲ.

ಪೊಟ್ಟಣದಲ್ಲಿ ಈ ಗುಣ ಎಷ್ಟು ಉಳಿಯುತ್ತದೆ? ಹಿಮವಾಗಲಿ ಎಣ್ಣೆಯಾಗಲಿ ಕೆರೋಟಿನನ್ನು ಪೂರ್ತಿಯಾಗಿ ನಾಶಮಾಡುವುದಿಲ್ಲ. ಕೆರೋಟಿನ್ ರಕ್ತಕ್ಕೆ ಸೇರಲು ಸ್ವಲ್ಪ ಕೊಬ್ಬು ಬೇಕೇ ಬೇಕು. ಆ ಮಟ್ಟಿಗೆ ಎಣ್ಣೆ ಉಪಕಾರಿಯೇ. ಆದರೆ ಉಪಕಾರಕ್ಕೆ ಒಂದು ಚಮಚೆಯಷ್ಟು ಸಾಕು. 85 ಗ್ರಾಮಿನಷ್ಟು ಒಂದು ಪಾಲಿಗೆ 5ರಿಂದ 8 ಗ್ರಾಂ ಕೊಬ್ಬು ಅನೇಕ ಪೊಟ್ಟಣಗಳಲ್ಲಿ ಕಾಣುತ್ತದೆ. ಕ್ಯಾಲೊರಿ 150ರ ಆಸುಪಾಸಿಗೆ, ಎಂದರೆ ಅಷ್ಟೇ ತೂಕದ ಹಸಿ ಗೆಣಸಿನ ಇಮ್ಮಡಿಗೆ ಏರುತ್ತದೆ. ಪಿಷ್ಟವುಳ್ಳ ಪದಾರ್ಥಗಳನ್ನು ಹೆಚ್ಚಿನ ಕಾವಿನಲ್ಲಿ ಕರಿದಾಗ ಅಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತು ಹುಟ್ಟುತ್ತದೆಂಬುದನ್ನು 2002ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿಕೊಟ್ಟರು; ಗೆಣಸು ಅದಕ್ಕೆ ಹೊರತಲ್ಲ. ಗೆಣಸಿನದೆಂಬ ಕಾರಣಕ್ಕೆ ಫ್ರೈಸ್ ಪಥ್ಯವಾಗದು. ಅದು ತಿಂಡಿ, ತಿಂಡಿಯೆಂದು ತಿಂದರೆ ತಪ್ಪಿಲ್ಲ.

ಆದರೆ ಇದೇ ಕಿತ್ತಳೆ ಬಣ್ಣ ಇನ್ನೊಂದು ಕಡೆ ತಿಂಡಿಯ ಮಾತಾಗಿರಲಿಲ್ಲ, ಕಣ್ಣಿನ ಮಾತಾಗಿತ್ತು. ಮಕ್ಕಳಲ್ಲಿ ತಡೆಗಟ್ಟಬಹುದಾದ ಕುರುಡಿಗೆ ‘ಎ’ ಜೀವಸತ್ವದ ಕೊರತೆ ಜಗತ್ತಿನಲ್ಲಿಯೇ ಪ್ರಮುಖ ಕಾರಣ. ಆಫ್ರಿಕದ ಹಳ್ಳಿಗಳಲ್ಲಿ ಗೆಣಸು ದಿನದಿನದ ಆಹಾರವಾಗಿದ್ದರೂ ಅಲ್ಲಿ ರೂಢಿಯಲ್ಲಿದ್ದುದು ಬಿಳಿಯ ತಳಿ. ಹೊಟ್ಟೆ ತುಂಬುತ್ತಿತ್ತು, ಕಣ್ಣು ಮಂಕಾಗುತ್ತಿತ್ತು. ಮೊಜಾಂಬಿಕ್, ಉಗಾಂಡ ಮುಂತಾದ ದೇಶಗಳಲ್ಲಿ ಮರಿಯ ಆಂಡ್ರಾಡೆ, ರಾಬರ್ಟ್ ಮ್ವಾಂಗ, ಜಾನ್ ಲೋ ಎಂಬ ವಿಜ್ಞಾನಿಗಳು ಅಲ್ಲಿನ ನೆಲಕ್ಕೂ ನಾಲಗೆಗೂ ಒಗ್ಗುವ ಕಿತ್ತಳೆ ತಳಿಗಳನ್ನು ರೂಪಿಸಿ, ಬಳ್ಳಿಯ ತುಂಡುಗಳನ್ನು ಹಳ್ಳಿಯಿಂದ ಹಳ್ಳಿಗೆ ಹಂಚಿಸಿದರು. ಮಕ್ಕಳ ರಕ್ತದಲ್ಲಿ ‘ಎ’ ಜೀವಸತ್ವ ಹೆಚ್ಚಿದುದನ್ನು ಪರೀಕ್ಷೆಗಳು ದೃಢಪಡಿಸಿದವು. 2016ರ ವಿಶ್ವ ಆಹಾರ ಪ್ರಶಸ್ತಿ ಅವರಿಗೂ, ಇದೇ ತತ್ತ್ವವನ್ನು ಇತರ ಬೆಳೆಗಳಿಗೆ ವಿಸ್ತರಿಸಿದ ಹೋವರ್ತ್ ಬೂಯಿಸ್ ಅವರಿಗೂ ಸಂದಿತು. ನಮ್ಮ ದೇಶದಲ್ಲಿಯೂ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನ ಸಂಸ್ಥೆ ‘ಭೂ ಸೋನಾ’ ಎಂಬ ಕಿತ್ತಳೆ ತಳಿಯನ್ನು ಕೊಟ್ಟಿದೆ. ಅದು ನಮ್ಮ ಅಂಗನವಾಡಿಯ ತಟ್ಟೆಗಳಿಗೆ ವಾಡಿಕೆಯಾಗಿ ಬರುವ ದಿನವನ್ನು ನಾನು ಎದುರುನೋಡುತ್ತೇನೆ.

ಗೆಣಸಿನ ಚರಿತ್ರೆಯುದ್ದಕ್ಕೂ ಒಂದು ಮಾತು ಎದ್ದು ಕಾಣುತ್ತದೆ. ಬರ ಬಂದಾಗ ಜನ ಅದನ್ನು ಅಪ್ಪಿಕೊಂಡರು; ಅಕ್ಕಿ ಗೋಧಿ ಕೈಗೆಟುಕಿದ ಕೂಡಲೇ ಬಡವರ ತಿನಿಸೆಂದು ದೂರವಿಟ್ಟರು. ಈಗ ಉಂಡು ತಣಿದ ನಾಡುಗಳು ಅದನ್ನು ಆರೋಗ್ಯದ ಹೆಸರಿನಲ್ಲಿ ಮತ್ತೆ ಕರೆದಿವೆ, ಕವಚ ತೊಡಿಸಿ, ಎಣ್ಣೆಯಲ್ಲಿ ಮೀಯಿಸಿ, ಬೆಲೆ ಏರಿಸಿ. ಇದರಲ್ಲಿ ಗೆಣಸಿಗೆ ಮಾನ ಬಂದಿತೆಂದು ಸಂತೋಷಪಡುವವರು ಪಡಲಿ. ನನಗೆ ಮಾತ್ರ, ಅದಕ್ಕೆ ಸಲ್ಲಬೇಕಾದ ಮಾನ ಅಂಗಡಿಯ ಶೀತಪೆಟ್ಟಿಗೆಯಲ್ಲಿ ಸಿಕ್ಕೀತೆಂದು ತೋರುವುದಿಲ್ಲ. ಸಂಜೆಯ ಹೊತ್ತು ಕಣ್ಣು ಕಾಣದೆ ತಡವರಿಸುವ ಮಗುವಿನ ತಟ್ಟೆಗೆ, ಒಳಗಿನ ಬಣ್ಣವನ್ನು ಅರಿತು ಆಯ್ದ ಒಂದು ಬೇಯಿಸಿದ ಗೆಣಸನ್ನು ಇಡುವ ತಾಯಿ ಯಾರೋ, ಅಓಕಿ ಕೊನ್ಯೊನ ಬಿರುದಿಗೆ ಅವಳೂ ಬಾಧ್ಯಳು.