ಚೆಂಡಿನ ಹಿಂದಿನ ಸಂಬಳ

ಎಷ್ಟು ಗೋಲು ಬಿತ್ತೆಂದು ಎಲ್ಲರೂ ಕೇಳುತ್ತಾರೆ. ಆಟಗಾರನ ಮನೆಯ ಒಲೆ ಉರಿಯುವುದು ಯಾರ ಹಣದಿಂದ ಎಂದು ನೀವು ಕೇಳಿದ್ದೀರಾ? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಗೆ ನೆರೆಯದಾದ ಬೆಂಗಳೂರಿನ ಫುಟ್‌ಬಾಲ್ ಚರಿತ್ರೆಯನ್ನೇ ನೋಡಿ.

1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಆ ಕಪ್ಪು ಬ್ರಿಟಿಷ್ ಪಲ್ಟನ್ನುಗಳ ಕೈಬಿಟ್ಟಿರಲಿಲ್ಲ. ಮರುವರ್ಷವೂ ಗೆಲುವು ಅವರದೇ. ಸ್ವಾತಂತ್ರ್ಯಾನಂತರ ಎಚ್.ಎ.ಎಲ್., ಐ.ಟಿ.ಐ.ಯಂಥ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದವು. ಕಾಲಿನ ಕಸುವು ಕುಗ್ಗಿದರೂ ನೌಕರಿ ಉಳಿಯುತ್ತಿತ್ತು. ಇದು ಸಣ್ಣ ಮಾತಲ್ಲ.

2013ರಲ್ಲಿ ಜೆ.ಎಸ್.ಡಬ್ಲ್ಯು. ಸಮೂಹ ಬೆಂಗಳೂರು ಎಫ್.ಸಿ.ಯನ್ನು ಸ್ಥಾಪಿಸಿತು. ಇಲ್ಲಿ ಆಟವೇ ಉದ್ಯೋಗ, ಕರಾರೇ ಆಧಾರ. ಫಲ ಬೇಗ ಬಂತು: ಮೊದಲ ಋತುವಿನಲ್ಲೇ ಐ-ಲೀಗ್ ಪ್ರಶಸ್ತಿ. 2016ರಲ್ಲಿ ಎ.ಎಫ್.ಸಿ. ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. (ದೋಹಾದಲ್ಲಿ ಇರಾಕಿನ ವಾಯುಪಡೆ ತಂಡದೆದುರು ಒಂದೇ ಗೋಲಿನಿಂದ ಸೋತಿತು.) 2019ರಲ್ಲಿ ಇಂಡಿಯನ್ ಸೂಪರ್ ಲೀಗ್ ಕಿರೀಟವೂ ಸಿಕ್ಕಿತು.

ಆದರೆ 2025ರ ಆಗಸ್ಟಿನಲ್ಲಿ, ಲೀಗ್ ನಡೆಯುವುದೇ ಅನುಮಾನವಾದಾಗ, ಕ್ಲಬ್ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯಿತು. ಸಂಬಳ ನಿಂತರೆ ಊರು ಏನಾಗುತ್ತದೆಂದು 2001ರಲ್ಲಿ ಕೆ.ಜಿ.ಎಫ್. ಚಿನ್ನದ ಗಣಿ ಮುಚ್ಚಿದ್ದನ್ನು ಕಂಡ ನಿಮ್ಮ ಹಿರಿಯರನ್ನು ಕೇಳಿ.

ಬೇರೆ ದಾರಿಯೂ ಉಂಟು. ಅಮೆರಿಕದ ಗ್ರೀನ್ ಬೇ ಸುಮಾರು ಒಂದು ಲಕ್ಷ ಜನರ ಊರು, ಕೋಲಾರ ನಗರಕ್ಕಿಂತ ಚಿಕ್ಕದು. ಅಲ್ಲಿನ ಆಟವೇ ಬೇರೆ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. 1923ರಿಂದ ಅಲ್ಲಿನ ಪ್ಯಾಕರ್ಸ್ ತಂಡದ ಒಡೆಯರು ಷೇರು ಕೊಂಡ ಸಾಮಾನ್ಯ ಜನ. ಅವರಿಗೆ ಲಾಭಾಂಶ ಸಿಗುವುದಿಲ್ಲ. ತಂಡ ಊರು ಬಿಟ್ಟೂ ಇಲ್ಲ.