ಕೀಲೆಣ್ಣೆಯಿಂದ ಚೈನಿನ ಎಣ್ಣೆಗೆ: ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸಂಚಾರ ಚರಿತ್ರೆಯ ಒಂದು ಪುಟ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಎಂಬ ಮೂರು ಪೇಟೆಗಳನ್ನು ಕೂಡಿಸುವ ದಾರಿಗಳು ನಕ್ಷೆಯಲ್ಲಿ ಒಂದು ತ್ರಿಕೋನವನ್ನು ರಚಿಸುತ್ತವೆ. ಇದರ ಒಂದು ಭುಜವು ಬಂಟ್ವಾಳದಿಂದ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆಗಳ ಮೂಲಕ ಬೆಳ್ತಂಗಡಿಗೆ ಹೋಗುತ್ತದೆ. ಎರಡನೆಯದು ಗುರುವಾಯನಕೆರೆಯಿಂದ ಕವಲೊಡೆದು ವೇಣೂರಿನ ಮೇಲೆ ಮೂಡಬಿದಿರೆಯನ್ನು ಸೇರುತ್ತದೆ. ಮೂರನೆಯದು ಅಲ್ಲಿಂದ ಸಿದ್ಧಕಟ್ಟೆಯ ಮಾರ್ಗವಾಗಿ ಬಂಟ್ವಾಳಕ್ಕೆ ಮರಳುತ್ತದೆ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಮಂಗಳೂರಿನಿಂದ ಹೊರಟು ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡಬಿದಿರೆಗಳನ್ನು ಇದೇ ಅನುಕ್ರಮದಲ್ಲಿ ಕಂಡು ಕಾರ್ಕಳದತ್ತ ಸಾಗಿದನು. ಈ ದಾರಿಗಳ ಇಕ್ಕೆಲದ ಬಸದಿಗಳನ್ನೂ ಶಾಸನಗಳನ್ನೂ, ಬಂಗ, ಅಜಿಲ, ಚೌಟ ಅರಸುಮನೆತನಗಳನ್ನೂ ಕುರಿತು ವಿದ್ವಾಂಸರು ಸಾಕಷ್ಟು ಬರೆದಿರುವರು. ದಾರಿಯ ಮೇಲೆ ಉರುಳಿದ ಗಾಲಿಗೆ ಜನರು ಹಾಕಿದ ಎಣ್ಣೆ ಯಾವುದು, ಅದನ್ನು ಏಕೆ ಹಾಗೆ ಹಾಕಿದರು ಎಂಬ ಪ್ರಶ್ನೆಯನ್ನು ಎತ್ತಿದವರು ವಿರಳ.

ವಿಷಯವು ಅಲ್ಪವೆಂದು ತೋರಬಹುದು. ಆದರೆ ಈ ಮೂರು ಪೇಟೆಗಳ ಸುತ್ತಣ ಜೀವನವು ಕಳೆದ ಅರ್ಧ ಶತಮಾನದಲ್ಲಿ ಬಹುಮಟ್ಟಿಗೆ ಮೋಟಾರು ಸೈಕಲ್ಲಿನ ಮೇಲೆ ಓಡಾಡಿದೆ. ಹಾಲಿನ ಕ್ಯಾನು, ರಬ್ಬರಿನ ಹಾಳೆ, ಅಡಕೆಯ ಚೀಲ, ಶಾಲೆಗೆ ಹೊರಟ ಮಗು, ಇವೆಲ್ಲದರ ಭಾರವನ್ನೂ ಕೊನೆಗೆ ಎಳೆಯುವುದು ಒಂದು ಸರಪಣಿ. ಅದಕ್ಕೆ ಎಣ್ಣೆ ಹಾಕುವ ನಮ್ಮ ರೂಢಿಯು ಎತ್ತಿನ ಗಾಡಿಯಿಂದ ಬಂದುದೆಂದೂ, ಅದನ್ನು ತೊಳೆಯುವ ರೂಢಿಯು ಗಾಡಿಯಲ್ಲಿ ಇಲ್ಲದಿದ್ದುದರಿಂದ ನಮಗೆ ಪೂರ್ಣವಾಗಿ ಇನ್ನೂ ಬಂದಿಲ್ಲವೆಂದೂ ನನ್ನ ಅಭಿಪ್ರಾಯ.

ಗಾಡಿಯಾದರೂ ಈ ಸೀಮೆಗೆ ತಡವಾಗಿಯೇ ಬಂದಿತು. ಅದಕ್ಕೆ ಕಾರಣ ನದಿ ಮತ್ತು ಘಟ್ಟ. ಘಟ್ಟದ ಮೇಲಣ ಸರಕು ಹೇರೆತ್ತುಗಳ ಬೆನ್ನ ಮೇಲೆ ಇಳಿದು ಬಂದು ಬಂಟ್ವಾಳದಲ್ಲಿ ದೋಣಿಗೇರಿ, ನೇತ್ರಾವತಿಯ ಪ್ರವಾಹದೊಡನೆ ಮಂಗಳೂರನ್ನು ಸೇರುತ್ತಿದ್ದಿತು. ಬಂಟ್ವಾಳವು ದೊಡ್ಡ ವ್ಯಾಪಾರಸ್ಥಳವಾದುದು ಈ ಕಾರಣದಿಂದಲೇ. ದೋಣಿಯ ಮರಕ್ಕೆ ಮೀನೆಣ್ಣೆ ಬಳಿಯುವುದನ್ನು ಕರಾವಳಿಯವರು ಬಲ್ಲರು; ದೀಪಕ್ಕೆ ಹೊನ್ನೆಯೆಣ್ಣೆಯನ್ನೂ ತೆಂಗಿನೆಣ್ಣೆಯನ್ನೂ ಬಲ್ಲರು. ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟಗಳಿಗೆ ಗಾಡಿಯ ರಸ್ತೆಗಳಾದ ಮೇಲೆ ಬಯಲುಸೀಮೆಯ ಗಾಡಿಗಳೊಡನೆ ಅಲ್ಲಿಯ ಕೀಲೆಣ್ಣೆಯೂ ಇಳಿದು ಬಂದಿತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಬೆರಸಿ ಮಾಡಿದ ಈ ಕಪ್ಪು ಲೇಪವನ್ನು ಅಚ್ಚಿನ ತುದಿಗೆ ಧಾರಾಳವಾಗಿ ಬಳಿಯುತ್ತಿದ್ದರು.

ಕೀಲೆಣ್ಣೆಯ ವಿದ್ಯೆಯನ್ನು ಹಳ್ಳಿಗರ ಅಜ್ಞಾನವೆಂದು ಕಡೆಗಣಿಸಲಾಗದು. ಹರಳೆಣ್ಣೆಯು ಲೋಹಕ್ಕೆ ಬಿಗಿಯಾಗಿ ಅಂಟಿಕೊಳ್ಳುವ ಎಣ್ಣೆ. ಇಂಗ್ಲೆಂಡಿನಲ್ಲಿ ವೇಕ್‌ಫೀಲ್ಡ್ ಎಂಬವನ ಸಂಸ್ಥೆಯು 1909ರಲ್ಲಿ ಮೋಟಾರು ಮತ್ತು ವಿಮಾನಗಳ ಯಂತ್ರಕ್ಕೆಂದು ಹೊರತಂದ ತೈಲದಲ್ಲಿ ಹರಳೆಣ್ಣೆಯೇ ಸೇರಿದ್ದಿತು. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳಿನ ಇಂಗ್ಲಿಷ್ ಹೆಸರಿನಿಂದ. ಗಾಡಿಯ ಅಚ್ಚಿಗೂ ಗುಂಬಕ್ಕೂ ನಡುವೆ ಬೆರಳಿಗೆ ತಿಳಿಯುವಷ್ಟು ಸಡಿಲವಿರುತ್ತದೆ. ಅಲ್ಲಿ ತುಂಬಿದ ಲೇಪವು ಉರುಳುತ್ತ ಹೊರಗೆ ಒಸರುವಾಗ ಧೂಳನ್ನೂ ಹೊರಗೆ ನೂಕುತ್ತದೆ. ಆದುದರಿಂದ ಗಾಡಿಯ ಮಟ್ಟಿಗೆ ಹೆಚ್ಚು ಎಣ್ಣೆ ಹೆಚ್ಚು ಒಳ್ಳೆಯದು ಎಂಬ ನಿಯಮವು ಸರಿಯಾಗಿಯೇ ಇದ್ದಿತು. ಅದು ತಪ್ಪಾದುದು ಸರಪಣಿಯ ವಿಷಯದಲ್ಲಿ.

ಇಂದಿನ ರೂಪದ ರೋಲರ್ ಸರಪಣಿಯನ್ನು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಮ್ಯಾಂಚೆಸ್ಟರಿನಲ್ಲಿ ನೆಲಸಿದ್ದ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ಸಿದ್ಧಪಡಿಸಿದನು. ಇದರ ಪ್ರತಿಯೊಂದು ಕೊಂಡಿಯಲ್ಲಿಯೂ ಒಂದು ಸರಳು, ಅದರ ಸುತ್ತ ಒಂದು ಕೊಳವೆ, ಕೊಳವೆಯ ಸುತ್ತ ತಿರುಗುವ ಒಂದು ಉರುಳೆ ಇರುತ್ತವೆ. ಸವೆತವು ನಡೆಯುವುದು ಮುಖ್ಯವಾಗಿ ಸರಳಿಗೂ ಕೊಳವೆಗೂ ನಡುವೆ, ಅಂದರೆ ಕಣ್ಣಿಗೆ ಕಾಣದ ಕಡೆಯಲ್ಲಿ. ಸರಪಣಿ ‘ಉದ್ದವಾಯಿತು’ ಎಂದು ನಾವು ಹೇಳುವುದುಂಟು. ಉಕ್ಕು ಹಿಗ್ಗಿರುವುದಿಲ್ಲ. 12.7 ಮಿಲಿಮೀಟರ್ ಅಂತರದ 110 ಕೊಂಡಿಗಳ ಸರಪಣಿಯಲ್ಲಿ ಒಂದೊಂದು ಕೀಲೂ ಮಿಲಿಮೀಟರಿನ ಹತ್ತನೆಯ ಒಂದು ಪಾಲು ಸವೆದರೆ ಒಟ್ಟು 11 ಮಿಲಿಮೀಟರ್ ನೀಳವಾಗುತ್ತದೆ. ಆಗ ಕೊಂಡಿಗಳು ಹಲ್ಲುಚಕ್ರದ ಹಲ್ಲುಗಳಿಗೆ ಸರಿಯಾಗಿ ಕೂಡದೆ ಹಲ್ಲುಗಳು ಕೊಕ್ಕೆಯಂತೆ ಬಾಗುತ್ತ ಹೋಗುತ್ತವೆ.

ಈ ಸೂಕ್ಷ್ಮವಾದ ಸಂದಿಗೆ ನಮ್ಮ ಸೀಮೆಯ ಎರಡು ವಸ್ತುಗಳು ಶತ್ರುಗಳು. ಒಂದು, ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸಿನಲ್ಲಿ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ, ಸುರಿಯುವ ಮಳೆ. ಇನ್ನೊಂದು, ಮುರಕಲ್ಲಿನ ಕೆಂಪು ಧೂಳು. ಮಳೆಯು ಎಣ್ಣೆಯನ್ನು ತೊಳೆದು ತುಕ್ಕು ಹಿಡಿಸುತ್ತದೆ. ಧೂಳು ಎಣ್ಣೆಯೊಡನೆ ಬೆರೆತು ಸಾಣೆಯ ಲೇಪವಾಗುತ್ತದೆ. ಗಾಡಿಯ ಪದ್ಧತಿಯಂತೆ ಹಳೆಯ ಎಣ್ಣೆಯ ಮೇಲೆ ಹೊಸ ಎಣ್ಣೆ ಸುರಿದಷ್ಟೂ ಈ ಸಾಣೆಗೆ ಬಲ ಬರುತ್ತದೆ. ಜನವರಿಯ ಧೂಳಿನಲ್ಲಿ ಕಪ್ಪಾಗಿ ಮಿನುಗುವ ಸರಪಣಿಯನ್ನು ಕಂಡು ಅದರ ಯಜಮಾನನು ಶ್ರದ್ಧಾವಂತನೆಂದು ಭಾವಿಸುವವರು ಬೆರಳಿನಿಂದ ಒಮ್ಮೆ ಉಜ್ಜಿ ನೋಡಬೇಕು.

ತೊಳೆಯುವುದಕ್ಕೆ ಬೇಕಾದ ದ್ರವವು ಬೇರೊಂದು ದಾರಿಯಿಂದ ಬಂದಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ, ರಷ್ಯ, ಬರ್ಮಾ ದೇಶಗಳಿಂದ ತಗಡಿನ ಡಬ್ಬಗಳಲ್ಲಿ ಬಂದ ಸೀಮೆಎಣ್ಣೆಯು ಹೊನ್ನೆಯೆಣ್ಣೆಯ ದೀಪಗಳನ್ನು ಕ್ರಮೇಣ ಆರಿಸಿತು. ನಮ್ಮ ಕಡೆಯವರು ಇದನ್ನು ಚಿಮಿಣಿ ಎಣ್ಣೆ ಎನ್ನುವುದು ಅದರ ಮೊದಲ ಉಪಯೋಗದ ನೆನಪೇ. ಜಿಡ್ಡನ್ನು ಕರಗಿಸುವ ಅದರ ಗುಣವು ಸೈಕಲ್ಲಿನ ಕಾಲದಲ್ಲಿ ಕೆಲಸಕ್ಕೆ ಬಂದಿತು. ಸೈಕಲ್ಲಿಗೆ ಮನೆಯಲ್ಲಿದ್ದ ತೆಂಗಿನೆಣ್ಣೆಯ ತೊಟ್ಟು ಹಾಕಿದವರೂ ಉಂಟು. ಅದು ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುವುದರಿಂದ ಘಟ್ಟದ ಬುಡದ ಊರುಗಳ ಡಿಸೆಂಬರಿನ ಮುಂಜಾವಿಗೆ ಒಗ್ಗದ ಉಪಾಯ. ಇಂಗ್ಲಿಷ್ ಕೈಪಿಡಿಗಳಲ್ಲಿ ಸರಪಣಿಯನ್ನು ಕಳಚಿ ಸೀಮೆಎಣ್ಣೆಯಲ್ಲಿ ತೊಳೆದು, ಕರಗಿಸಿದ ಪ್ರಾಣಿಗಳ ಕೊಬ್ಬು ಮತ್ತು ಗ್ರಾಫೈಟಿನಲ್ಲಿ ಅದ್ದಿ ತೆಗೆಯಬೇಕೆಂದು ವಿಧಿಸಲಾಗಿತ್ತು. ಕರಗಿದ ಕೊಬ್ಬು ಕೀಲಿನ ಒಳಸಂದಿಗೆ ಇಳಿದು ಅಲ್ಲಿಯೇ ಗಟ್ಟಿಯಾಗುತ್ತಿದ್ದುದರಿಂದ ಶಾಸ್ತ್ರದೃಷ್ಟಿಯಿಂದ ಅದು ಉತ್ತಮ ವಿಧಾನ. ಬಸದಿ ಮಠಗಳ ಮೂಡಬಿದಿರೆಯಲ್ಲಿ ಅದಕ್ಕೆ ಮನ್ನಣೆ ದೊರೆಯುವ ಸಂಭವವನ್ನು ಓದುಗರೇ ಊಹಿಸಬಹುದು.

ಮೋಟಾರು ಸೈಕಲ್ಲುಗಳ ಆಗಮನವು ರಾಜಕೀಯ ನಕ್ಷೆಯ ಬದಲಾವಣೆಯೊಡನೆ ಹೆಣೆದುಕೊಂಡಿದೆ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪಿತವಾದಾಗ ದಕ್ಷಿಣ ಕನ್ನಡವು ಮದರಾಸು ರಾಜ್ಯಕ್ಕೆ ಸೇರಿದ್ದಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ ಹೊರಬರತೊಡಗಿತು. ಈ ಎರಡು ಯಂತ್ರಗಳು ಸರಪಣಿಯ ವಿಷಯದಲ್ಲಿ ಎರಡು ಮತಗಳನ್ನು ಪ್ರತಿನಿಧಿಸುತ್ತವೆ. ಬುಲೆಟ್ಟಿನ ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವಣ ಸರಪಣಿ ಎಣ್ಣೆಯ ತೊಟ್ಟಿಯಲ್ಲಿ ಮುಳುಗಿರುತ್ತಿದ್ದಿತು, ಹಿಂದಣ ಸರಪಣಿಗೆ ಮಾತ್ರ ಮೇಲೊಂದು ತಗಡಿನ ಮರೆ. ಜಾವಾದಲ್ಲಿ ಹಿಂದಣ ಸರಪಣಿಯನ್ನೂ ಸುತ್ತಲೂ ತಗಡಿನ ಪೆಟ್ಟಿಗೆಯಿಂದ ಮುಚ್ಚಲಾಗಿತ್ತು. ಚೆಕ್ ದೇಶದ ಶಿಲ್ಪಿಗಳು ತಮ್ಮ ನಾಡಿನ ಹಿಮ ಮತ್ತು ಕೆಸರನ್ನು ನೆನೆದು ಇದನ್ನು ಮಾಡಿರಬಹುದು. ಚಾರ್ಮಾಡಿಯ ಆಷಾಢಕ್ಕೆ ಅದಕ್ಕಿಂತ ತಕ್ಕ ಉಪಾಯವಿರಲಿಲ್ಲ. ವೆಸ್ಪಾ ಜಾತಿಯ ಸ್ಕೂಟರುಗಳಿಗೆ ಸರಪಣಿಯೇ ಇಲ್ಲದ್ದರಿಂದ ಅವುಗಳನ್ನು ಆರಿಸಿದವರು ಈ ವಿಚಾರದಲ್ಲಿ ನಿಶ್ಚಿಂತರು.

1973ರಿಂದ ಯೆಜ್ಡಿ ಎಂಬ ಹೆಸರು ತಳೆದ ಆ ಯಂತ್ರದ ತಯಾರಿಕೆ 1996ರಲ್ಲಿ ನಿಂತಿತು. 1985ರಲ್ಲಿ ಬಂದ ಹೀರೋ ಹೋಂಡಾ ಸಿ.ಡಿ. 100 ಸಹ ಮುಚ್ಚಿದ ಸರಪಣಿಯದೇ. ಇಂಧನದ ಉಳಿತಾಯಕ್ಕೆ ಹೆಸರಾದ ಸಾಮಾನ್ಯರ ಬೈಕುಗಳಲ್ಲಿ ಈ ಹೊದಿಕೆ ಉಳಿದುಕೊಂಡಿತು. ವೇಗದ ಬೈಕುಗಳು ಬಂದಂತೆ ತೆರೆದ ಸರಪಣಿಯು ಮರಳಿ ಬಂದಿತು. ಹೊದಿಕೆ ಹೋದದ್ದು ಬಹುಮಟ್ಟಿಗೆ ಅಂದಕ್ಕಾಗಿ ಎಂದು ತೋರುತ್ತದೆ. ಹೊದಿಕೆಯು ಸೀರೆಯ ಸೆರಗಿಗೂ ರಕ್ಷಣೆಯಾಗಿತ್ತೆಂಬುದನ್ನು ಮರೆಯಬಾರದು; ಹಿಂಬದಿ ಸವಾರರ ಉಡುಪು ಗಾಲಿಗೆ ಸಿಕ್ಕದಂತೆ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದ ಮರೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಆ ಮರೆಯನ್ನು ಕಳಚಿಸಿ ಓಡಿಸುವ ತರುಣರು ನಮ್ಮ ಕಾಲೇಜುಗಳ ಅಂಗಳದಲ್ಲಿಯೇ ಕಾಣಸಿಗುತ್ತಾರೆ.

ತೆರೆದ ಸರಪಣಿಯ ಕಾಲದಲ್ಲಿ ತೊಳೆಯುವ ವಿದ್ಯೆ ಅನಿವಾರ್ಯವಾಯಿತು. ತಯಾರಕರ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ವಿಧಾನವಿದು: ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರಸಿ, ಪೂರ್ಣವಾಗಿ ಒಣಗಿದ ಮೇಲೆ 90ನೆಯ ಅಂಕದ ಗೇರ್ ಎಣ್ಣೆಯನ್ನು ಕೆಳಗಣ ಎಳೆಯ ಒಳಮಗ್ಗುಲಿಗೆ ತೊಟ್ಟುತೊಟ್ಟಾಗಿ ಬಿಟ್ಟು, ಮಿಕ್ಕುದನ್ನು ಒರಸಿ ತೆಗೆಯುವುದು. ಒಳಮಗ್ಗುಲಿಗೇ ಏಕೆ? ಚಕ್ರ ತಿರುಗುವಾಗ ಎಣ್ಣೆಯು ಒಳಗಿನಿಂದ ಹೊರಕ್ಕೆ ಚಿಮ್ಮುವುದರಿಂದ ದಾರಿಯಲ್ಲಿ ಕೀಲನ್ನು ಹಾದು ಹೋಗುತ್ತದೆ. ಮಿಕ್ಕುದನ್ನು ಒರಸುವುದೇ ಗಾಡಿಯ ಸಂಪ್ರದಾಯಕ್ಕೆ ನೇರ ವಿರುದ್ಧವಾದ ಹೆಜ್ಜೆ. ನಮ್ಮಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದೂ ಅದೇ. ಸುಮಾರು 500 ಕಿಲೋಮೀಟರಿಗೊಮ್ಮೆ ಎಂಬುದು ವಾಡಿಕೆಯ ಲೆಕ್ಕ. ಮಳೆಗಾಲದಲ್ಲಿ ಈ ಲೆಕ್ಕವನ್ನು ನೆಚ್ಚಬಾರದು, ನೆನೆದ ದಿನವೇ ಒರಸಿ ಎಣ್ಣೆ ಬಿಡುವುದು ಯುಕ್ತ.

1970ರ ದಶಕದಲ್ಲಿ ಬಳಕೆಗೆ ಬಂದ ರಬ್ಬರು ಬಳೆಗಳ ಸರಪಣಿಯು ಈ ಶಾಸ್ತ್ರವನ್ನು ಮತ್ತೊಮ್ಮೆ ತಿರುಗಿಸಿತು. ಇದರಲ್ಲಿ ಸರಳಿಗೂ ಕೊಳವೆಗೂ ನಡುವಣ ಗ್ರೀಸನ್ನು ಕಾರ್ಖಾನೆಯಲ್ಲಿಯೇ ತುಂಬಿ ಎರಡು ಕಡೆಯೂ ಸಣ್ಣ ಬಳೆಯಿಂದ ಮುಚ್ಚಿರುತ್ತಾರೆ. ಹೊರಗಣ ಎಣ್ಣೆ ಈಗ ತುಕ್ಕನ್ನು ತಡೆಯಲು, ಉರುಳೆಯ ಹೊರಮೈಯನ್ನು ನುಣುಪಾಗಿಡಲು, ಬಳೆ ಒಣಗದಂತೆ ಕಾಯಲು ಮಾತ್ರ. ಪೆಟ್ರೋಲಿನಿಂದಲೋ ತಂತಿಯ ಬ್ರಷ್ಷಿನಿಂದಲೋ ಇದನ್ನು ಉಜ್ಜಿದರೆ ಬಳೆ ಕೆಟ್ಟು ಒಳಗಣ ಗ್ರೀಸು ಹೊರಬೀಳುತ್ತದೆ, ಅದನ್ನು ಮತ್ತೆ ತುಂಬುವ ಉಪಾಯವಿಲ್ಲ.

ಇನ್ನೊಂದು ಅಪಾಯವನ್ನು ಹೇಳದೆ ಬಿಡಲಾಗದು. ಎಂಜಿನ್ನನ್ನು ಚಾಲೂ ಇಟ್ಟು, ಗೇರಿನಲ್ಲಿ ಹಾಕಿ, ತಿರುಗುವ ಸರಪಣಿಗೆ ಬಟ್ಟೆ ಹಿಡಿಯುವ ಅಭ್ಯಾಸ ಎಷ್ಟೋ ಜನರಲ್ಲಿದೆ. ಬಟ್ಟೆಯ ಅಂಚು ಹಲ್ಲುಚಕ್ರಕ್ಕೆ ಸಿಕ್ಕಿದರೆ ಹಿಂದೆಯೇ ಬೆರಳೂ ಹೋಗುತ್ತದೆ. ಕೈಯನ್ನು ಹಿಂತೆಗೆಯುವಷ್ಟು ಅವಕಾಶವಿರುವುದಿಲ್ಲ. ಎಂಜಿನ್ ನಿಲ್ಲಿಸಿ, ನ್ಯೂಟ್ರಲ್ಲಿನಲ್ಲಿಟ್ಟು, ಗಾಲಿಯನ್ನು ಕೈಯಿಂದಲೇ ತಿರುಗಿಸಬೇಕು. ನಡುವಿನ ಸ್ಟ್ಯಾಂಡು ಇಲ್ಲದ ಬೈಕುಗಳು ಈಗ ಹೆಚ್ಚಾಗಿರುವುದರಿಂದ ಒಂಟಿಯಾಗಿ ಈ ಕೆಲಸ ಮಾಡುವವರಿಗೆ ಕಷ್ಟವೇನೋ ನಿಜ; ವಾಹನವನ್ನು ತುಸುತುಸು ಮುಂದೆ ತಳ್ಳುತ್ತ ಗೇಣುಗೇಣಾಗಿ ಒರಸಿದರೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೆ.

ತೊಳೆದ ನೀರು ಮತ್ತು ಎಣ್ಣೆಯ ಗತಿಯೇನು? ಗಾಡಿಯ ಹರಳೆಣ್ಣೆಯು ಮಣ್ಣಿಗೆ ಬಿದ್ದರೆ ಮಣ್ಣಾಗುತ್ತಿದ್ದಿತು. ಸುಟ್ಟ ಎಂಜಿನ್ ಎಣ್ಣೆ ಹಾಗಲ್ಲ. ಅದರಲ್ಲಿ ಲೋಹದ ಕಣಗಳೂ ದಹನದ ಶೇಷಗಳೂ ಇರುತ್ತವೆ. ಸರಪಣಿಗೆ ಅದನ್ನೇ ಹಚ್ಚುವವರು, ಗೆದ್ದಲಿಗೆಂದು ಬೇಲಿಯ ಗೂಟಕ್ಕೆ ಬಳಿಯುವವರು ಇಂದಿಗೂ ಇದ್ದಾರೆ, ಬಿಟ್ಟಿಯಾಗಿ ಸಿಗುವ ವಸ್ತುವಿನ ಮೋಹ ಹಾಗಿರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಎಣ್ಣೆಯನ್ನು ತಮ್ಮ ವ್ಯಾಪ್ತಿಗೆ ತಂದಿವೆ. ಮನೆಯ ಅಂಗಳದಲ್ಲಿ ಸರಪಣಿ ತೊಳೆಯುವವನ ಬಳಿ ಆ ನಿಯಮ ಬಂದು ನಿಲ್ಲುವುದಿಲ್ಲ. ಮುರಕಲ್ಲು ರಂಧ್ರಮಯ, ಅಂಗಳದ ಮೂಲೆಯಲ್ಲಿಯೇ ತೆರೆದ ಬಾವಿ. ವೇಣೂರಿನ ಆಸುಪಾಸಿನ ತೋಡುಗಳು ಫಲ್ಗುಣಿಗೆ ಸೇರುತ್ತವೆ. ಬಂಟ್ವಾಳದ ಚರಂಡಿಗಳು ಇಳಿಯುವುದು ನೇತ್ರಾವತಿಗೆ. ಒಂದು ಕಾಲದಲ್ಲಿ ಸರಕಿನ ದೋಣಿಗಳು ತೇಲಿಹೋಗುತ್ತಿದ್ದ ಅದೇ ಹರಿವಿನಲ್ಲಿ, ಬಂಟ್ವಾಳದಿಂದ ಕೆಳಗೆ ತುಂಬೆಯ ಕಿಂಡಿ ಅಣೆಕಟ್ಟಿನ ಬಳಿ, ಮಂಗಳೂರು ನಗರಕ್ಕೆ ಕುಡಿಯುವ ನೀರನ್ನು ಎತ್ತಲಾಗುತ್ತಿದೆ.