ಸ್ನಾತಕೋತ್ತರ ಪದವಿಯೋ, ಪಿಎಚ್.ಡಿ.ಯೋ? ಅರ್ಜಿಗೆ ಮುನ್ನ ತಿಳಿಯಬೇಕಾದ್ದು

ಹಳೇಬೀಡಿಗೆ ಹೊಂದಿಕೊಂಡಿರುವ ಬಸ್ತಿಹಳ್ಳಿಯಲ್ಲಿ ಹೊಯ್ಸಳರ ಕಾಲದ ಮೂರು ಜೈನ ಬಸದಿಗಳಿವೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪದೇವನು 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನೆಂದು ಶಾಸನದಿಂದ ತಿಳಿದುಬರುತ್ತದೆ. ಇಂಥ ಸ್ಮಾರಕಗಳ ಅಧ್ಯಯನವನ್ನು ವೃತ್ತಿಯಾಗಿಸಿಕೊಳ್ಳಬಯಸುವ ಪದವೀಧರರು ಮೊದಲು ಇತ್ಯರ್ಥಪಡಿಸಿಕೊಳ್ಳಬೇಕಾದ ವಿಷಯ, ಎಲ್ಲಿಯವರೆಗೆ ಓದಬೇಕು ಎಂಬುದು.

ವ್ಯತ್ಯಾಸವೇನು?
ಎಂ.ಎ. ವಿದ್ಯಾರ್ಥಿಗೆ ಸಾಧನಗಳನ್ನು ಒದಗಿಸುತ್ತದೆ: ಹಳೆಯ ಲಿಪಿ ಓದುವುದು, ಶಾಸನದ ಅಚ್ಚು ತೆಗೆಯುವುದು, ಶಿಲ್ಪಶೈಲಿ ಗುರುತಿಸುವುದು. ಪಿಎಚ್.ಡಿ. ಬೇಡುವುದು ಸ್ವಂತ ಪ್ರಶ್ನೆಯನ್ನು. ಬಸದಿ ಕಟ್ಟಿಸಿದವರಾರೆಂಬುದಕ್ಕೆ ಶಾಸನವೇ ಉತ್ತರಿಸುತ್ತದೆ. ಬಸದಿಗಳಿಗೆ ಬಿಟ್ಟ ದತ್ತಿಗಳಿಂದ ಸುತ್ತಲಿನ ಹಳ್ಳಿಗಳ ಬೇಸಾಯ ಹೇಗೆ ಬದಲಾಯಿತು ಎಂಬುದಕ್ಕೆ ವರ್ಷಗಳ ಶೋಧ ಬೇಕು.

ನಿಯಮ ಏನನ್ನುತ್ತದೆ?
ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮಾವಳಿಯಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಪಡೆದವರು ನೇರವಾಗಿ ಪಿಎಚ್.ಡಿ.ಗೆ ಅರ್ಹರು. ಸ್ನಾತಕೋತ್ತರ ಪದವೀಧರರಿಗೆ ಶೇ 55 ಸಾಕು. ಮೀಸಲು ವರ್ಗಗಳಿಗೆ ಶೇ 5ರ ವಿನಾಯಿತಿಯುಂಟು. ಎಂ.ಫಿಲ್. ರದ್ದಾಗಿದೆ. ಪಿಎಚ್.ಡಿ.ಯ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಹೆಚ್ಚುವರಿ 2 ವರ್ಷ ನೀಡಬಹುದು. ಕರ್ನಾಟಕವು 2024-25ರಿಂದ ಮೂರು ವರ್ಷದ ಪದವಿಗೆ ಮರಳಿರುವುದರಿಂದ, ಮೂರೇ ವರ್ಷ ಓದಿದವರಿಗೆ ಎಂ.ಎ. ಅನಿವಾರ್ಯ.

ಹಣ ಮತ್ತು ಉದ್ಯೋಗ
ಎಂ.ಎ. ಖರ್ಚನ್ನು ಸಾಮಾನ್ಯವಾಗಿ ಕುಟುಂಬವೇ ಭರಿಸಬೇಕು. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಗಳಿಸಿದವರ ಮಾಸಿಕ ಫೆಲೋಶಿಪ್ 2023ರಲ್ಲಿ 37,000 ರೂಪಾಯಿಗೆ ಏರಿತು. ಫೆಲೋಶಿಪ್ ಇಲ್ಲದೆ ಸಂಶೋಧನೆಗಿಳಿದವರು ನಡುವೆಯೇ ಕೈಬಿಡುವ ಅಪಾಯವಿದೆ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಎಂ.ಎ. ಜೊತೆ ನೆಟ್ ಅಥವಾ ಕೆ-ಸೆಟ್ ಕನಿಷ್ಠ ಅರ್ಹತೆಯೆಂದು 2023ರಲ್ಲಿ ಆಯೋಗ ತಿಳಿಸಿತು, ಪಿಎಚ್.ಡಿ. ಕಡ್ಡಾಯವಲ್ಲ.

ವಿದೇಶದಲ್ಲಿ
ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಎಂ.ಎ. ಇಲ್ಲದವರನ್ನೂ ಪಿಎಚ್.ಡಿ.ಗೆ ಸೇರಿಸಿಕೊಂಡು ಶುಲ್ಕ ಮನ್ನಾ ಮಾಡಿ ವೇತನ ನೀಡುತ್ತವೆ. ಆದರೆ ಐದಾರು ವರ್ಷ ಮೀಸಲಿಡಬೇಕು. ಮೂರು ವರ್ಷದ ಪದವಿಯನ್ನು ಎಲ್ಲ ವಿಶ್ವವಿದ್ಯಾಲಯಗಳೂ ಒಪ್ಪುವುದಿಲ್ಲ.

ನಿರ್ಧಾರ ಹೇಗೆ?
ಸಂಶೋಧಿಸಬೇಕಾದ ಪ್ರಶ್ನೆಯನ್ನು ಒಂದು ಪುಟದಲ್ಲಿ ಬರೆದು, ಅದಕ್ಕೆ ತಕ್ಕ ಮಾರ್ಗದರ್ಶಕರನ್ನು ಗುರುತಿಸಬಲ್ಲವರು ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಆಸಕ್ತಿಯಿದ್ದೂ ಪ್ರಶ್ನೆ ಸ್ಪಷ್ಟವಾಗದವರಿಗೆ ಎಂ.ಎ.ಯ ಎರಡು ವರ್ಷ ನಷ್ಟವಲ್ಲ. ಕೇವಲ ಹೆಸರಿನ ಮುಂದೆ ‘ಡಾ.’ ಸೇರಿಸುವ ಬಯಕೆಯಿಂದ ಸೇರಿದರೆ ಆರು ವರ್ಷದ ಹೊರೆ ಹೊರುವುದು ಕಷ್ಟ.